ತುಂಡು ಹೆದ್ದಾರಿ

ಹೆದ್ದಾರಿ ಅಗಲ ಮಾಡುವಾಗ ಗರಗಸ ಮೊದಲು ಬೀಳುವುದು ಮರದ ಮೇಲೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆ ನಂಬಿಕೆಯಿಂದಲೇ ಮರ ತಬ್ಬಿಕೊಳ್ಳಲು ಓಡುತ್ತಾರೆ. ಅವರು ಹೋಗಿ ಮುಟ್ಟುವಷ್ಟರಲ್ಲಿ ಕೊಯ್ಯುವ ಕೆಲಸ ಅರ್ಧ ಮುಗಿದಿರುತ್ತದೆ. ಯಾಕೆಂದರೆ ಗರಗಸ ಮೊದಲು ಬೀಳುವುದು ರಸ್ತೆಯ ಮೇಲೆ. ಅದೂ ನಕ್ಷೆಯಲ್ಲಿರುವ ರಸ್ತೆಯ ಮೇಲೆ, ತಣ್ಣನೆಯ ಏಸಿ ಕೋಣೆಯಲ್ಲಿ, ಒಂದೆಲೆಯೂ ಅಲುಗದಂತೆ.

ಕಾನೂನು ಹೀಗಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಬಂದಾಗ, 30 ಕಿಲೋಮೀಟರಿಗಿಂತ ಉದ್ದದ ರಾಷ್ಟ್ರೀಯ ಹೆದ್ದಾರಿಯನ್ನು 20 ಮೀಟರಿಗಿಂತ ಹೆಚ್ಚು ಜಾಗ ಹಿಡಿದು ಅಗಲ ಮಾಡುವುದಾದರೆ ಮುಂಚಿತವಾಗಿ ಪರಿಸರ ಅನುಮತಿ ಬೇಕಿತ್ತು. ಅವಸರದಲ್ಲಿರುವ ದೇಶಕ್ಕೆ ಇದು ದೊಡ್ಡ ಕಿರಿಕಿರಿ. 2013ರ ಆಗಸ್ಟಿನಲ್ಲಿ ಒಂದು ತಿದ್ದುಪಡಿ ಬಂತು. 30 ಇದ್ದದ್ದು 100 ಆಯಿತು, 20 ಇದ್ದದ್ದು 40 ಆಯಿತು. ಬೈಪಾಸ್ ಆದರೆ 60. ಉದ್ದ, ಅಗಲ ಎರಡೂ ಮಿತಿ ಮೀರಿದರೆ ಮಾತ್ರ ಅನುಮತಿಯ ಮಾತು.

40 ಮೀಟರ್ ಎಂದರೆ ಎಷ್ಟು ಎಂದು ಬೆಂಗಳೂರಿನವರಿಗೆ ಅವರ ಭಾಷೆಯಲ್ಲೇ ಹೇಳಬೇಕು. ಥರ್ಟಿ ಫಾರ್ಟಿ ಸೈಟುಗಳನ್ನು ಅಗಲಕ್ಕೆ ನಾಲ್ಕು ಜೋಡಿಸಿದರೂ ಇನ್ನೂ ಹನ್ನೊಂದು ಅಡಿ ಮಿಗುತ್ತದೆ. ಅದು ಹೊಸದಾಗಿ ಹಿಡಿಯುವ ಜಾಗ. ಹಳೆಯ ರಸ್ತೆ ಲೆಕ್ಕಕ್ಕಿಲ್ಲ. ಅಷ್ಟು ತೋಟ, ಗದ್ದೆ, ಗೋಮಾಳ, ಹುಣಸೆಸಾಲು ನುಂಗಿದರೂ ಪರಿಸರಕ್ಕೆ ಏನೂ ಆಗಿಲ್ಲವೆಂದೇ ಕಾನೂನಿನ ತೀರ್ಮಾನ.

ಇನ್ನು ಉದ್ದದ ಮಿತಿಗೆ ಮದ್ದು ಅಧಿಸೂಚನೆಯಲ್ಲಿಲ್ಲ, ಟೆಂಡರಿನಲ್ಲಿದೆ. ಅದರ ಹೆಸರು ಪ್ಯಾಕೇಜ್. ತಮಿಳುನಾಡಿನ ವಿಲ್ಲುಪುರಂನಿಂದ ನಾಗಪಟ್ಟಿಣಂವರೆಗೆ ಸುಮಾರು 180 ಕಿಲೋಮೀಟರ್ ಹೆದ್ದಾರಿ. ಅದನ್ನು ನಾಲ್ಕು ಪ್ಯಾಕೇಜ್ ಮಾಡಿದರು; ಒಂದೂ ನೂರು ಮುಟ್ಟುವುದಿಲ್ಲ. ಪರಿಸರ ಅನುಮತಿ ತೆಗೆದುಕೊಂಡು ಬನ್ನಿ ಎಂದಿತು ಮದ್ರಾಸ್ ಹೈಕೋರ್ಟ್. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಹೆಚ್ಚುವರಿ ಜಾಗ 40 ಮೀಟರ್ ದಾಟುತ್ತಿಲ್ಲ, ಆದ್ದರಿಂದ ಬೇಡ ಎಂದಿತು. ಆದರೆ ಅನುಮತಿ ತಪ್ಪಿಸಿಕೊಳ್ಳುವ ತಂತ್ರವಾಗಿ ರಸ್ತೆ ತುಂಡರಿಸಬಾರದು ಎಂದೂ ಹೇಳಿ, ತುಂಡರಿಸುವ ಪ್ರಶ್ನೆಯನ್ನು ನೋಡಲು ತಜ್ಞರ ಸಮಿತಿ ಮಾಡಿ ಎಂದು ಸೂಚಿಸಿತು. ಸಮಿತಿ ಎಂಬ ಪದ ಕಿವಿಗೆ ಬಿದ್ದೊಡನೆ ರಸ್ತೆ ಕಟ್ಟುವವರು ಮತ್ತೊಂದು ಕಪ್ ಕಾಫಿ ತರಿಸಿಕೊಂಡಿರಬೇಕು.

ಈ ವಿದ್ಯೆಯ ಪರಮೋಚ್ಚ ನಿದರ್ಶನ ನೋಡಬೇಕಾದರೆ ಉತ್ತರಾಖಂಡಕ್ಕೆ ಹೋಗಬೇಕು. 2016ರ ಡಿಸೆಂಬರಿನಲ್ಲಿ ಪ್ರಧಾನಿ ಡೆಹ್ರಾಡೂನಿನಲ್ಲಿ ಚಾರ್‌ಧಾಮ್ ಹೆದ್ದಾರಿಗೆ ಶಂಕುಸ್ಥಾಪನೆ ಮಾಡಿದರು. ಸುಮಾರು 900 ಕಿಲೋಮೀಟರ್, 12,000 ಕೋಟಿ ರೂಪಾಯಿ, ಒಂದು ಯೋಜನೆ, ಒಂದು ಹೆಸರು, ಒಂದು ಕಲ್ಲು. ಪರಿಸರ ಅನುಮತಿಯ ವಿಷಯ ಬಂದಾಗ ಅದೇ ರಸ್ತೆ 53 ಕಾಮಗಾರಿಗಳಾಗಿತ್ತು. ಸರಾಸರಿ ತೆಗೆದರೆ ಒಂದೊಂದು ಹದಿನೇಳು ಕಿಲೋಮೀಟರೂ ಇಲ್ಲ. ಯಾತ್ರಿಕನಿಗೆ ಒಂದು, ಭಾಷಣಕ್ಕೆ ಒಂದು, ಕಾನೂನಿಗೆ ಐವತ್ತಮೂರು. ಅವತಾರಗಳ ಸಂಖ್ಯೆಯಲ್ಲಿ ಬದರಿಯ ನಾರಾಯಣನನ್ನೇ ಅವನ ಊರಿನ ರಸ್ತೆ ಹಿಂದೆ ಹಾಕಿತು.

ಈ ಸೌಲಭ್ಯ ಸಾಮಾನ್ಯರಿಗೂ ಸಿಗುವಂತಿದ್ದರೆ ಎಷ್ಟು ಚೆನ್ನ. ಮನೆ ಕಟ್ಟುವಾಗ ನಕ್ಷೆ ಮೀರಿ ಒಂದಡಿ ಮುಂದೆ ಚಾಚಿದ್ದೀರಿ, ಪಾಲಿಕೆಯವರು ನೋಟಿಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ ಎನ್ನಿ. ಗಾಬರಿಯಾಗಬೇಡಿ. 'ಇದು ಒಂದಡಿಯಲ್ಲ ಸಾರ್, ಹನ್ನೆರಡು ಸ್ವತಂತ್ರ ಇಂಚುಗಳು, ಒಂದಕ್ಕೊಂದು ಸಂಬಂಧವಿಲ್ಲ' ಎಂದು ಹೇಳಿ ನೋಡಿ.

ಚಾರ್‌ಧಾಮ್ ಕತೆ ಅಲ್ಲಿಗೇ ಮುಗಿಯಲಿಲ್ಲ. ಬೆಟ್ಟದ ರಸ್ತೆಗಳಲ್ಲಿ ಡಾಂಬರಿನ ಅಗಲ 5.5 ಮೀಟರ್ ಸಾಕು ಎಂದು 2018ರಲ್ಲಿ ಸುತ್ತೋಲೆ ಹೊರಡಿಸಿದ್ದು ರಸ್ತೆ ಸಾರಿಗೆ ಸಚಿವಾಲಯವೇ. ಇಲ್ಲಿ ಹಾಕಲು ಹೊರಟದ್ದು 10 ಮೀಟರ್. ನಿಮ್ಮ ಸುತ್ತೋಲೆಯನ್ನು ನೀವೇ ಪಾಲಿಸಿ ಎಂದು 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಚಿವಾಲಯ ನ್ಯಾಯಾಲಯಕ್ಕೆ ತಲೆಬಾಗಿತು. ಡಿಸೆಂಬರಿನಲ್ಲಿ ಸುತ್ತೋಲೆಯನ್ನೇ ತಿದ್ದಿತು. ಗಡಿಯ ಕಡೆ ಹೋಗುವ ರಸ್ತೆಗೆ 10 ಮೀಟರ್ ಆಗಬಹುದು ಎಂದು ಬರೆದುಕೊಂಡಿತು. ಮರುವರ್ಷ ಡಿಸೆಂಬರಿನಲ್ಲಿ ಸೇನೆಯ ಅಗತ್ಯ ಮನಗಂಡು ನ್ಯಾಯಾಲಯವೂ ಒಪ್ಪಿತು. ಈ ಯೋಜನೆಯನ್ನು ಪರಿಶೀಲಿಸಲು ನ್ಯಾಯಾಲಯವೇ ನೇಮಿಸಿದ್ದ ಸಮಿತಿಯ ಅಧ್ಯಕ್ಷ ರವಿ ಚೋಪ್ರಾ ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟರು. ಗಡಿಯಿಂದ 100 ಕಿಲೋಮೀಟರ್ ಒಳಗಿನ ರಕ್ಷಣಾ ಮಹತ್ವದ ಹೆದ್ದಾರಿಗಳಿಗೆ ಅನುಮತಿಯ ಗೊಡವೆಯೇ ಬೇಡವೆಂದು 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿ ಬಂತು. ನೂರು ಎಂಬ ಅಂಕಿಯ ಮೇಲೆ ನಮ್ಮವರಿಗೆ ಅದೇನು ಮೋಹವೋ!

ಹಾಗಾದರೆ ಅಪ್ಪಿತಪ್ಪಿ ಒಂದು ರಸ್ತೆ ಪರಿಶೀಲನೆಗೆ ಸಿಕ್ಕಿಬಿದ್ದರೆ? ಅದಕ್ಕೂ ವ್ಯವಸ್ಥೆಯಿದೆ. ಪರಿಸರ ಪರಿಣಾಮದ ವರದಿ ಬರೆಯುವ ಸಲಹಾ ಸಂಸ್ಥೆಯನ್ನು ಆರಿಸುವವರು, ಹಣ ಕೊಡುವವರು, ಯೋಜನೆ ಮಾಡುವವರೇ. ವರನ ಗುಣನಡತೆ ವಿಚಾರಿಸಿಕೊಂಡು ಬರಲು ವರನ ಸೋದರಮಾವನನ್ನೇ ಕಳಿಸಿದ ಹಾಗೆ. ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಸಿಕ್ಕುವುದು ಅದರ ಸಾರಾಂಶ. ಪ್ರತಿಗಳನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇಡುತ್ತಾರೆ. ತೋಟ ಕಳೆದುಕೊಳ್ಳುವ ರೈತ ಹಾಲು ಕರೆದು ಡೇರಿಗೆ ಹಾಕಿ ನೆಟ್ಟಗೆ ಹೋಗುವುದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೇ ಅಲ್ಲವೇ?

30 ದಿನ ಮುಂಚೆ ನೋಟಿಸ್ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಈ ಸಭೆಗೆ ಕೋರಂ ಬೇಕಿಲ್ಲ ಎಂದು ಅಧಿಸೂಚನೆಯೇ ಹೇಳುತ್ತದೆ. ಗ್ರಾಮಸಭೆಗೆ ಕೋರಂ ಬೇಕು, ಸಹಕಾರ ಸಂಘದ ವಾರ್ಷಿಕ ಸಭೆಗೆ ಬೇಕು, ಇದಕ್ಕೆ ಬೇಡ. ಬಂದವರು ಬರಲಿ, ಕುರ್ಚಿಗಳಂತೂ ಬಂದೇ ಇರುತ್ತವೆ. ಶಾಮಿಯಾನ, ಪೊಲೀಸರು, ವಿಡಿಯೋದವನು, ಉಪ್ಪಿಟ್ಟು ಕೇಸರಿಬಾತು. ಮೊದಲು ಮಾತಾಡುವವರು ಊರಿನ ಮುಖಂಡರು. ಅವರಿಗೆ ಅಭಿವೃದ್ಧಿ ಬೇಕು, ಅದೂ ನಾಲ್ಕು ಪಥದ್ದು. ಕೊನೆಗೆ ಮೈಕು ಹಿಂದಿನ ಸಾಲಿಗೆ ಹೋಗುತ್ತದೆ.

'ಸ್ವಾಮಿ, ನಮ್ಮ ಹಳ್ಳದ ನೀರು ಈಗ ಎರಡು ಮೋರಿಲಿ ದಾಟ್ತದೆ. ನಕ್ಷೆಲಿ ಒಂದೇ ಐತೆ. ಇನ್ನೊಂದು ಮೋರಿ ನೀರು ಎಲ್ಲಿಗೆ ಹೋಗ್ಬೇಕು?'

'ನಿಮ್ಮ ಅಹವಾಲನ್ನು ದಾಖಲಿಸಿಕೊಂಡಿದ್ದೇವೆ.'

'ದನ ಆಚೆ ದಾಟ್ಸೋದು ಹೆಂಗೆ ಸ್ವಾಮಿ? ಮಧ್ಯ ಗೋಡೆ ಹಾಕ್ತೀರಂತಲ್ಲ.'

'ಅದನ್ನೂ ದಾಖಲಿಸಿಕೊಂಡಿದ್ದೇವೆ. ಮುಂದಿನವರು?'

ಒಂದು ಮೋರಿಯ ಪ್ರಶ್ನೆಯಲ್ಲಿ ಇರುವಷ್ಟು ಜಲವಿಜ್ಞಾನ ಎಷ್ಟೋ ವರದಿಗಳಲ್ಲಿ ಇರುವುದಿಲ್ಲ. ಆದರೆ ಅದು ಇಂಗ್ಲಿಷಿನಲ್ಲಿಲ್ಲ, ಕೋಷ್ಟಕವಿಲ್ಲ, ಸ್ಪೈರಲ್ ಬೈಂಡಿಂಗ್ ಮೊದಲೇ ಇಲ್ಲ. ಅಂದಹಾಗೆ, ಹೊಸ ಜಾಗ ಹಿಡಿಯದೆ ಅಗಲ ಮಾಡುವುದಾದರೆ ಈ ಸಭೆಯೂ ಬೇಡ. ಉಪ್ಪಿಟ್ಟಿನ ಖರ್ಚೂ ಉಳಿಯಿತು.

ರಸ್ತೆ ಏರಿಸಲು ಮಣ್ಣು ಬೇಕು. ಮೊದಲೆಲ್ಲ ಅದಕ್ಕೂ ಅನುಮತಿ ಕೇಳಬೇಕಿತ್ತು. 2020ರ ಮಾರ್ಚ್ 28ರಂದು, ಅಂದರೆ ದೇಶ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡು ಕೂತ ನಾಲ್ಕನೇ ದಿನ, ರಸ್ತೆ ಮತ್ತು ಪೈಪ್‌ಲೈನಿನಂಥ ಯೋಜನೆಗಳಿಗೆ ಮಣ್ಣು ತೆಗೆಯಲು ಅನುಮತಿ ಬೇಡವೆಂದು ಅಧಿಸೂಚನೆ ಹೊರಟಿತು. ಆಕ್ಷೇಪಣೆ ಕರೆಯಲಿಲ್ಲ. ಹೊರಗೆ ಬಂದರೆ ಲಾಠಿ ಬೀಳುತ್ತಿದ್ದ ಕಾಲದಲ್ಲಿ ಆಕ್ಷೇಪಣೆ ಹಿಡಿದು ಯಾರು ಬರುತ್ತಿದ್ದರು ಬಿಡಿ. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2024ರ ಮಾರ್ಚಿನಲ್ಲಿ. ನಾಲ್ಕು ವರ್ಷದಲ್ಲಿ ತೆಗೆದ ಮಣ್ಣನ್ನು ಗುಂಡಿಗೆ ವಾಪಸು ತುಂಬಿಸಿ ಎಂದು ಯಾವ ಕೋರ್ಟೂ ಹೇಳಲಾರದು.

ಮರಗಳ ವಿಷಯದಲ್ಲಿ ಮಾತ್ರ ಸರ್ಕಾರಕ್ಕೆ ಅಪಾರ ಗೌರವ. ಹುಲಿಕಲ್‌ನಿಂದ ಕುದೂರಿನ ಕಡೆಗೆ ಆಲದ ಸಾಲು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ 2019ರ ಮಾರ್ಚಿನಲ್ಲಿ ಪದ್ಮಶ್ರೀ ಬಂತು. ಜೂನಿನಲ್ಲಿ ಅದೇ ತಿಮ್ಮಕ್ಕ ಮುಖ್ಯಮಂತ್ರಿಯ ಮುಂದೆ ನಿಲ್ಲಬೇಕಾಯಿತು: ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವುದಕ್ಕೆ ನನ್ನ ಮರ ಕಡಿಯಬೇಡಿ ಎಂದು. ಕಡಿಯುವುದಿಲ್ಲ ಎಂಬ ಭರವಸೆ ಸಿಕ್ಕಿತು. ರಾಷ್ಟ್ರಪತಿ ಭವನದವರೆಗೆ ಹೆಸರು ಮಾಡಿದ ಮರ ಉಳಿಸಿಕೊಳ್ಳಲೂ ಮುಖ್ಯಮಂತ್ರಿಯ ಬಾಗಿಲಿಗೆ ಹೋಗಬೇಕು. ಹೆಸರಿಲ್ಲದ ಮರಗಳಿಗೆ ಮೈಮೇಲೆ ಒಂದು ನಂಬರು ಬರೆಯುತ್ತಾರೆ, ಬದಲಿಗೆ ಹತ್ತು ಸಸಿ ಎಂಬ ಲೆಕ್ಕವನ್ನೂ ಬರೆಯುತ್ತಾರೆ. ಆ ಹತ್ತು ಎಲ್ಲಿವೆ ಎಂದು ಕೇಳಿದರೆ ಕಡತ ಮೇಲಿನ ಕಚೇರಿಗೆ ಹೋಗಿದೆ.

ನೂರು, ನಲವತ್ತು ಎಂಬ ಈ ಲೆಕ್ಕದಲ್ಲಿ ಉದ್ದವಿದೆ, ಅಗಲವಿದೆ. ಎತ್ತರವಿಲ್ಲ. ಕಡಿಯುವ ಗುಡ್ಡ ಎಷ್ಟು ಎತ್ತರದ್ದು, ಎಷ್ಟು ಕಡಿದಾಗಿ ಕೊಯ್ಯುತ್ತೀರಿ ಎಂದು ಮಿತಿ ಹಾಕಿದವರು ಕೇಳಲಿಲ್ಲ. ಕರಾವಳಿಯ ಗುಡ್ಡಗಳಲ್ಲಿ ಎಷ್ಟೋ ಕಡೆ ಮೇಲೆ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ಬುಡವನ್ನು ಇಳಿಜಾರಾಗಿ ಬಿಡಬೇಕಾದರೆ ಹೆಚ್ಚು ಜಾಗ ಬೇಕು. ಜಾಗ ಹೆಚ್ಚಾದರೆ ಪರಿಹಾರದ ಹಣ ಹೆಚ್ಚು, ಅರಣ್ಯ ಇಲಾಖೆಯ ತಕರಾರು ಹೆಚ್ಚು. ಆದ್ದರಿಂದ ಧರೆಯನ್ನು ಕೇಕ್ ಕೊಯ್ದಂತೆ ನೆಟ್ಟಗೆ ಕೊಯ್ಯುತ್ತಾರೆ. ಕಾಗದದಲ್ಲಿ ಭೂಮಿ ಉಳಿಯಿತು. ಮಳೆಗಾಲದಲ್ಲಿ ಮೇಲಿನ ನೀರು ಇಳಿದು ಶೇಡಿ ಮಣ್ಣು ಮೆತ್ತಗಾದಾಗ, ಉಳಿಸಿದ ಆ ಭೂಮಿ ತಾನಾಗಿ ರಸ್ತೆಗೆ ಬರುತ್ತದೆ, ಪರಿಹಾರ ಕೇಳದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಂತು. ಚಹಾದಂಗಡಿ ಹೋಯಿತು, ಅಂಗಡಿ ನಡೆಸುತ್ತಿದ್ದ ಸಂಸಾರ ಹೋಯಿತು, ಲಾರಿ ನಿಲ್ಲಿಸಿದ್ದವರು ಗಂಗಾವಳಿ ಹೊಳೆಯ ಪಾಲಾದರು. ಹೊಳೆಗೆ ಬಿದ್ದ ಗುಡ್ಡ ಎಬ್ಬಿಸಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಉಳುವರೆ ಹೆದ್ದಾರಿಯ ಊರೇ ಅಲ್ಲ. ಯೋಜನೆಯ ಪರಿಣಾಮ ಎಲ್ಲಿಯವರೆಗೆ ಎಂಬುದಕ್ಕೆ ನಿಜವಾದ ವರದಿ ಅಲ್ಲಿ ಸಿಕ್ಕಿತು.

ಅದೇ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ, ಅಗಲವಾಗುತ್ತಿದ್ದ ಹೆದ್ದಾರಿ 75ರಲ್ಲಿ, ದೊಡ್ಡತಪ್ಪಲೆಯ ಗುಡ್ಡ ಜರಿದು ಮಂಗಳೂರಿನ ದಾರಿ ನಿಂತಿತು. ವೇಗವಾಗಿ ಹೋಗಲೆಂದು ಮಾಡುತ್ತಿದ್ದ ರಸ್ತೆಯಲ್ಲಿ ಯಾರೂ ಹೋಗುವಂತಿಲ್ಲ. ವಾಹನಗಳನ್ನು ಚಾರ್ಮಾಡಿಗೆ ತಿರುಗಿಸಿದರು. ಅದು ಇನ್ನೂ ಅಗಲವಾಗದ, ತಿರುವುಗಳಲ್ಲಿ ಬಸ್ಸಿಗೆ ಬಸ್ಸು ಮುಖಾಮುಖಿಯಾದರೆ ಒಬ್ಬರು ಹಿಂದೆ ಸರಿಯಬೇಕಾದ ಹಳೆಯ ಘಾಟಿ. ಅದನ್ನೂ ಅಗಲ ಮಾಡಲು ಹೊರಟಿದ್ದಾರೆ. ಘಾಟಿಯ ಉದ್ದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ತುಂಡು ಮಾಡುವ ಶ್ರಮವೂ ಇಲ್ಲ.