ಬರ್ಗಂಡಿಯ ಖಾಸಗಿ ವೈನ್ ಪ್ರವಾಸ: ಬಳಕೆದಾರರ ಕೈಪಿಡಿ

ನಾಲ್ಕು ದಿನಗಳ ಖಾಸಗಿ ಬರ್ಗಂಡಿ ವೈನ್ ಪ್ರವಾಸವನ್ನು ಆಯ್ದುಕೊಂಡಿದ್ದಕ್ಕೆ ಅಭಿನಂದನೆಗಳು. ನೀವು ಆಯ್ದುಕೊಳ್ಳದೆ, ಐಂಡ್‌ಹೋವನ್‌ನಲ್ಲಿರುವ ಮಗ ತಾನೇ ಬುಕ್ ಮಾಡಿ “ಅಮ್ಮ, ಕುಡೀಲೇಬೇಕು ಅಂತೇನಿಲ್ಲ, ಜಾಗ ಚೆನ್ನಾಗಿದೆ” ಎಂದು ಫೋನಿನಲ್ಲಿ ಒಪ್ಪಿಸಿದ್ದರೂ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಬಳಸಿದವರು ಎರಡನೇ ದಿನ ಮಧ್ಯಾಹ್ನವೇ ವ್ಯಾನಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಅವರ ಪಾಲಿಗೆ ಬರ್ಗಂಡಿಯೂ ಒಂದೇ, ಬಿಡದಿಯೂ ಒಂದೇ.

ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ

ಒಂದು ವ್ಯಾನು, ಅದನ್ನು ಓಡಿಸುತ್ತಲೇ ಮಾತಾಡುವ ಒಬ್ಬ ಗೈಡು, ಮೊದಲೇ ಗೊತ್ತುಪಡಿಸಿದ ನಾಲ್ಕಾರು ನೆಲಮಾಳಿಗೆಗಳ ಭೇಟಿ, ಒಂದು ಹೋಟೆಲ್ ಕೋಣೆ. ‘ಖಾಸಗಿ’ ಅಂದರೆ ಅಪರಿಚಿತರಿಗಾಗಿ ಕಾಯಬೇಕಾಗಿಲ್ಲ, ಜಗಳವೇನಿದ್ದರೂ ನಿಮ್ಮವರ ಜೊತೆಯೇ. ಈ ವ್ಯಾನಿನಲ್ಲಿ ದಿನವಿಡೀ ವೈನ್ ಬಾಯಿಗೆ ಹಾಕಿಕೊಂಡೂ ಒಂದು ಹನಿ ನುಂಗದ ಮನುಷ್ಯನೆಂದರೆ ಗೈಡು. ಫ್ರಾನ್ಸಿನಲ್ಲಿ ರಕ್ತದ ಒಂದು ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಮುಟ್ಟಿದರೆ ಗಾಡಿ ಓಡಿಸುವಂತಿಲ್ಲ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಅವನ ಸಂಯಮಕ್ಕೆ ಹೋಗುತ್ತದೆ, ನ್ಯಾಯವಾಗಿಯೇ.

ಪೆಟ್ಟಿಗೆಯಲ್ಲಿ ಐಫೆಲ್ ಟವರ್ ಇಲ್ಲ. ಅದು ಪ್ಯಾರಿಸ್ಸಿನಲ್ಲಿದೆ, ಅಲ್ಲಿಂದ ರೈಲು ಹತ್ತಿ ಸುಮಾರು ಒಂದೂವರೆ ಗಂಟೆಯಲ್ಲಿ ದಿಜೋನ್ ತಲುಪಿದ ಮೇಲೆಯೇ ಈ ಕೈಪಿಡಿ ಜಾರಿಗೆ ಬರುತ್ತದೆ. ಬೋರ್ಡೊ, ಶಾಂಪೇನ್‌ಗಳೂ ಇಲ್ಲ. ಒಂದೇ ವಾರದಲ್ಲಿ ಮೂರನ್ನೂ ತೋರಿಸುತ್ತೇವೆ ಅನ್ನುವವರಿದ್ದಾರೆ. ಬೋರ್ಡೊ ಇರುವುದು ಅಟ್ಲಾಂಟಿಕ್ ಕಡಲ ಬಳಿ, ಶಾಂಪೇನ್ ಇರುವುದು ಪ್ಯಾರಿಸ್ಸಿನ ಈಶಾನ್ಯಕ್ಕೆ. ಅಂಥ ಪ್ರವಾಸದಲ್ಲಿ ಫ್ರಾನ್ಸಿನ ಹೆದ್ದಾರಿಗಳು ಬಹಳ ಚೆನ್ನಾಗಿ ಕಾಣುತ್ತವೆ.

ಚಾಲೂ ಮಾಡುವ ವಿಧಾನ

ಮೊದಲ ಗುಂಡಿ ಬಾಟಲಿಯದಲ್ಲ, ಇಳಿಜಾರಿನದು. ದಿಜೋನ್‌ನಿಂದ ದಕ್ಷಿಣಕ್ಕೆ, ಬೋನ್ ಊರನ್ನು ದಾಟಿ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಒಂದು ತಗ್ಗು ಗುಡ್ಡಸಾಲು ಮಲಗಿದೆ. ಬೆಳಗಿನ ಬಿಸಿಲಿಗೆ ಮುಖ ಮಾಡಿಕೊಂಡಿರುವ ಅದರ ಮಗ್ಗುಲಲ್ಲಿ ಬಳ್ಳಿ ಬೆಳೆದಿದೆ. ಗುಡ್ಡ ನೋಡಿ “ಇಷ್ಟೇನಾ?” ಅನ್ನಿಸುತ್ತದೆ. ಅನ್ನಿಸಲಿ. ಬಾಯಿಬಿಟ್ಟು ಹೇಳಬೇಡಿ.

ಗೈಡಿಗೆ ವ್ಯಾನು ನಿಲ್ಲಿಸಲು ಹೇಳಿ. ಕೆಳಗೆ ಒಂದು ಹಳೆಯ ಹೆದ್ದಾರಿ ಹಾದುಹೋಗಿದೆ. ಅದರಾಚೆಯ ಬಯಲಿನ ಜೇಡಿಮಣ್ಣಿನಲ್ಲಿ ಬೆಳೆಯುವುದು ಬಹುಮಟ್ಟಿಗೆ ಸಾದಾ ವೈನು. ಹೆದ್ದಾರಿ ದಾಟಿ ಮೇಲೆ ನಡೆದರೆ ಹಳ್ಳಿಯ ಹೆಸರು ಹೊತ್ತದ್ದು, ಇನ್ನೂ ಮೇಲೆ ‘ಪ್ರಮಿಯೆ ಕ್ರು’, ನಡುಸೊಂಟದಲ್ಲಿ ‘ಗ್ರಾಂ ಕ್ರು’. ತೀರ ತುದಿಗೆ ಹೋದರೆ ಮಣ್ಣು ತೆಳುವಾಗಿ, ಗಾಳಿ ಚಳಿಯಾಗಿ, ದರ್ಜೆ ಮತ್ತೆ ಇಳಿಯುತ್ತದೆ. ಹತ್ತು ನಿಮಿಷದ ನಡಿಗೆಯಲ್ಲಿ ಬಾಟಲಿಯ ಬೆಲೆ ಹತ್ತಾರು ಪಟ್ಟು ಏರಿ ಇಳಿಯುವುದನ್ನು ಕಾಲಿನಿಂದಲೇ ಅಳೆಯಬಹುದು. ಬಳ್ಳಿ ಎಲ್ಲ ಕಡೆಯೂ ಒಂದೇ: ಕೆಂಪಿಗೆ ಪಿನೊ ನ್ವಾರ್, ಬಿಳಿಗೆ ಶಾರ್ಡನೆ. ಗಾಮೆ ಎಂಬ, ಹೆಚ್ಚು ಇಳುವರಿ ಕೊಡುವ ಇನ್ನೊಂದು ತಳಿಯನ್ನು ಕಿತ್ತೊಗೆಯಿರಿ ಎಂದು ಬರ್ಗಂಡಿಯ ಡ್ಯೂಕ್ ಫಿಲಿಪ್ 1395ರಲ್ಲೇ ಆಜ್ಞೆ ಹೊರಡಿಸಿದ್ದ. ತಳಿ ಒಂದೇ ಆದ ಮೇಲೆ ವ್ಯತ್ಯಾಸವನ್ನೆಲ್ಲ ಮಣ್ಣಿನ ತಲೆಗೇ ಕಟ್ಟಬೇಕು. ಕಟ್ಟಿದ್ದಾರೆ. ಈ ಇಳಿಜಾರನ್ನು 1,247 ತುಂಡುಗಳಾಗಿ ಗುರುತಿಸಿ, ಒಂದೊಂದಕ್ಕೂ ಹೆಸರಿಟ್ಟು ‘ಕ್ಲಿಮಾ’ ಅಂತ ಕರೆದಿದ್ದಾರೆ. 2015ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಣ್ಣತಮ್ಮಂದಿರ ನಡುವೆ ಜಮೀನು ಪಾಲಾಗಿ, ಪೋಡಿ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆದವರಿಗೆ ಬರ್ಗಂಡಿ ಬೇಗ ಅರ್ಥವಾಗುತ್ತದೆ. ಕ್ಲೊ ದ ವೂಜೊ ತೋಟವನ್ನೇ ನೋಡಿ. ಸಿತೊ ಮಠದ ಸಂನ್ಯಾಸಿಗಳು ಬೆಳೆಸಿ, 1336ರ ಹೊತ್ತಿಗೆ ಸುತ್ತ ಕಲ್ಲಿನ ಗೋಡೆ ಕಟ್ಟಿ ಮುಗಿಸಿದ ಸುಮಾರು 50 ಹೆಕ್ಟೇರು ಅದು. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿ ಮುಟ್ಟುಗೋಲಾಯಿತು, ಮಾರಾಟವಾಯಿತು. 1889ರಲ್ಲಿ ತೋಟ ಹೋಳಾಯಿತು. ಆಮೇಲೆ ನೆಪೋಲಿಯನ್ ಕಾಲದ ಕಾನೂನು, ಅಂದರೆ ಮಕ್ಕಳಿಗೆಲ್ಲ ಸಮಪಾಲು ಎಂಬುದು, ಉಳಿದ ಕೆಲಸ ಮಾಡಿತು. ಈಗ ಅದೇ ಗೋಡೆಯೊಳಗೆ ಸುಮಾರು 80 ಮಾಲೀಕರು; ತಲೆಗೆ ಸರಾಸರಿ ಒಂದೂವರೆ ಎಕರೆ. ಗೋಡೆ ಹೆದ್ದಾರಿಯ ಅಂಚಿನಿಂದ ಗುಡ್ಡದ ಮೇಲಿನವರೆಗೂ ಇರುವುದರಿಂದ ಒಬ್ಬನ ಸಾಲು ಬಸಿಯುವ ಒಳ್ಳೆಯ ನೆಲದಲ್ಲಿ, ಇನ್ನೊಬ್ಬನದು ನೀರು ನಿಲ್ಲುವ ತಗ್ಗಿನಲ್ಲಿ. ಬಾಟಲಿಯ ಮೇಲೆ ಇಬ್ಬರಿಗೂ ‘ಗ್ರಾಂ ಕ್ರು’ ಅಂತಲೇ ಬರೆಯುವ ಹಕ್ಕಿದೆ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ “ಇದು ಯಾವ ವೈನು?” ಅಲ್ಲ, “ಇದು ಯಾರ ಪಾಲು?” ಈ ಪ್ರಶ್ನೆ ಕೇಳಿದ ಮೇಲೆ ಗೈಡು ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಪಕ್ಕದ ವೋನ್ ರೊಮಾನೆ ಹಳ್ಳಿಯಲ್ಲಿ ಒಂದು ಕಲ್ಲಿನ ಶಿಲುಬೆ. ಅದರ ಹಿಂದಿನ ನಾಲ್ಕೂವರೆ ಎಕರೆಯೇ ರೊಮಾನೆ ಕೊಂತಿ ತೋಟ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಹುಳು ಫ್ರಾನ್ಸಿನ ಬಳ್ಳಿಗಳ ಬೇರನ್ನು ತಿಂದುಹಾಕಿತು. ಪರಿಹಾರವೂ ಅಮೆರಿಕದಿಂದಲೇ ಬಂತು: ಹುಳುವನ್ನು ತಾಳಿಕೊಳ್ಳುವ ಅಲ್ಲಿನ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಮಾಡುವುದು. ನೂರಾರು ವರ್ಷದ ಪರಂಪರೆಯ ಬಗ್ಗೆ ಗೈಡು ಭಾವುಕನಾಗಿ ಮಾತಾಡುವಾಗ ಅವನ ಕಾಲಕೆಳಗಿನ ಬೇರು ಬಹುಪಾಲು ಅಮೆರಿಕದ್ದು ಎಂಬುದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ. ರೊಮಾನೆ ಕೊಂತಿಯವರು ಮಾತ್ರ ಹಳೆಯ ಬೇರನ್ನೇ 1945ರವರೆಗೆ ಔಷಧಿ ಹೊಡೆದು ಉಳಿಸಿಕೊಂಡಿದ್ದರು. ಆ ವರ್ಷದ ಚಿಕ್ಕ ಫಸಲು ತೆಗೆದು ಬಳ್ಳಿ ಕಿತ್ತರು. ಅದರ ಒಂದು ಬಾಟಲಿ 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ ಮೀರುತ್ತದೆ. ತೋಟದೊಳಗೆ ಕಾಲಿಡಬೇಡಿ ಎಂಬ ಫಲಕ ಅಲ್ಲೇ ಇದೆ. ಪಾಲಿಸಿ. ಶಿಲುಬೆಯ ಮುಂದೆ ಫೋಟೊ ತೆಗೆಸಿಕೊಳ್ಳುವುದಕ್ಕೆ ಹಣ ಕೊಡಬೇಕಾಗಿಲ್ಲ. ಈ ಪ್ರವಾಸದಲ್ಲಿ ಪುಕ್ಕಟೆಯಾಗಿ ಸಿಗುವುದು ಹೆಚ್ಚುಕಡಿಮೆ ಅದೊಂದೇ.

ಊರುಗಳ ಜೋಡಿ ಹೆಸರು ನೋಡಿ ಗಾಬರಿಯಾಗಬೇಡಿ. ಜೆವ್ರೆ ಎಂಬ ಹಳ್ಳಿ 1847ರಲ್ಲಿ ತನ್ನ ಪ್ರಸಿದ್ಧ ತೋಟ ಷಾಂಬರ್ತಾಂ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡಿತು. ಮೊಂರಾಷೆ ತೋಟ ಎರಡು ಹಳ್ಳಿಗಳ ಗಡಿಯಲ್ಲಿದ್ದುದರಿಂದ 1879ರಲ್ಲಿ ಪ್ಯುಲಿನಿ, ಷಾಸಾನ್ ಎರಡೂ ಅದೇ ಹೆಸರನ್ನು ಸೇರಿಸಿಕೊಂಡವು.

ಈ ಯಂತ್ರವನ್ನು ಸರಿಯಾಗಿ ಬಳಸಿದ ಹಳೆಯ ಗ್ರಾಹಕನೆಂದರೆ ಥಾಮಸ್ ಜೆಫರ್ಸನ್. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗ 1787ರಲ್ಲಿ ಇಲ್ಲಿ ಸುತ್ತಾಡಿದ. ಅವನು ಗಮನಿಸಿದ್ದು ರೈತರ ರೊಟ್ಟಿಯನ್ನು. ಕೆಂಪು ವೈನಿನ ಪೊಮಾರ್, ವೊಲ್ನೆ ಹಳ್ಳಿಗಳಲ್ಲಿ ಗೋಧಿಯ ಒಳ್ಳೆಯ ರೊಟ್ಟಿ. ಬಿಳಿ ವೈನಿನ ಮೆರ್ಸೊದಲ್ಲಿ ರೈ ಧಾನ್ಯದ್ದು. ಕೇಳಿದರೆ, ಬಿಳಿ ವೈನು ಹೆಚ್ಚು ಸಲ ಕೈಕೊಡುತ್ತದೆ, ಮಾರಾಟವಾಗದೆ ಉಳಿಯುತ್ತದೆ ಅಂದರಂತೆ. ಇವತ್ತಿನ ಮೆರ್ಸೊ ಬಾಟಲಿಯ ಬೆಲೆ ನೋಡಿದ ಮೇಲೆ ರೊಟ್ಟಿಯ ವಿಚಾರ ಎತ್ತುವ ಅಗತ್ಯವಿಲ್ಲ. ಆದರೆ ಅವನ ಕ್ರಮವನ್ನು ನಾನು ಶಿಫಾರಸು ಮಾಡುತ್ತೇನೆ: ಲೋಟ ನೋಡುವ ಮುನ್ನ ಬೆಳೆದವರ ತಟ್ಟೆ ನೋಡಿ.

ಉಗುಳುವ ವಿಧಾನ

ನೆಲಮಾಳಿಗೆ ಬೇಸಿಗೆಯಲ್ಲೂ ತಂಪು, ಹನ್ನೆರಡು ಡಿಗ್ರಿಯ ಆಸುಪಾಸು. ಸ್ವೆಟರ್ ಇರಲಿ. ಸೆಂಟು, ಕೂದಲಿಗೆ ಘಮಘಮ ಎಣ್ಣೆ, ಬಾಯಲ್ಲಿ ಎಲೆಅಡಿಕೆ, ಏಲಕ್ಕಿ ಯಾವುದೂ ಬೇಡ. ನಿಮ್ಮ ಮೂಗಿನ ಜೊತೆ ಪಕ್ಕದವರ ಮೂಗೂ ಕೆಡುತ್ತದೆ. ಒಳಗೆ ಹೋಗುತ್ತಲೇ “ಬೋಂಜೂರ್” ಅನ್ನಿ. ಇದನ್ನು ಬಿಟ್ಟವರಿಗೆ ಫ್ರಾನ್ಸಿನಲ್ಲಿ ಯಾವ ಬಾಗಿಲೂ ಮನಸ್ಸಿಟ್ಟು ತೆರೆಯುವುದಿಲ್ಲ. ಮನೆಯಾಕೆ ಅಥವಾ ಮನೆಯಾತ ಪೀಪಾಯಿಗೆ ಗಾಜಿನ ನಳಿಕೆ ಇಳಿಸಿ ಲೋಟಕ್ಕೆ ಎರಡು ಗುಟುಕು ಬಿಡುತ್ತಾರೆ. ಇಲ್ಲಿನ ಪೀಪಾಯಿ 228 ಲೀಟರಿನದು, ಸುಮಾರು 300 ಬಾಟಲಿ. ಮೊದಲು ಕೆಂಪು, ಆಮೇಲೆ ಬಿಳಿ ಕೊಟ್ಟರೆ ಕ್ರಮ ತಪ್ಪಿತು ಅಂದುಕೊಳ್ಳಬೇಡಿ. ಬರ್ಗಂಡಿಯ ಅನೇಕ ಮಾಳಿಗೆಗಳಲ್ಲಿ ಅದೇ ಪದ್ಧತಿ. ಪಿನೊ ನ್ವಾರ್ ಸಿಪ್ಪೆ ತೆಳು, ಹಾಗಾಗಿ ಬಣ್ಣವೂ ತೆಳು. ನೀರು ಬೆರೆಸಿದ್ದಾರೆಂದು ಅನುಮಾನಿಸಬೇಡಿ.

ನೋಡಿ, ಲೋಟವನ್ನು ಸುತ್ತಿಸಿ, ಮೂಸಿ, ಗುಟುಕು ತೆಗೆದುಕೊಂಡು ಬಾಯೆಲ್ಲ ಆಡಿಸಿ, ನಂತರ ಅಲ್ಲಿಟ್ಟ ಬಕೆಟ್ಟಿಗೆ ಉಗುಳಿ. ಉಗುಳುವುದು ಅವಮಾನವಲ್ಲ, ಉಗುಳದಿರುವುದೇ ಸಂಜೆಯ ಹೊತ್ತಿಗೆ ಅವಮಾನಕ್ಕೆ ದಾರಿ. ಒಂದೇ ಧಾರೆಯಲ್ಲಿ, ಅಂಗಿಗೆ ತಾಕದಂತೆ ಉಗುಳಲು ಹೋಟೆಲಿನ ಬಚ್ಚಲಲ್ಲಿ ಹಿಂದಿನ ರಾತ್ರಿ ನೀರಿನಿಂದ ಅಭ್ಯಾಸ ಮಾಡಿಕೊಳ್ಳಿ. ಕುಡಿಯದವರಿಗೂ ಇಲ್ಲಿ ಕೆಲಸವಿದೆ. ಈ ಪ್ರವಾಸದ ಮುಖ್ಯ ಉಪಕರಣ ಮೂಗು, ಅದಕ್ಕೆ ವ್ರತಭಂಗವಿಲ್ಲ. ಸಾರಿನ ಪುಡಿಗೆ ಹುರಿಯುತ್ತಿರುವ ಧನಿಯ ಸೀಯುವ ಅರೆಗಳಿಗೆ ಮೊದಲು ನಡುಮನೆಯಿಂದಲೇ ಕೂಗಿ ಹೇಳುವ ಅಮ್ಮಂದಿರು ಗೈಡಿನ ಎದುರು ಹಿಂಜರಿಯಬೇಕಾಗಿಲ್ಲ. ಅವನು ರಾಸ್‌ಬೆರಿ, ಕಾಡಿನ ಅಣಬೆ ಅಂದಾಗ ತಲೆಯಾಡಿಸುತ್ತ ಕೂರಬೇಡಿ. ನೇರಳೆ, ಮಳೆ ಬಿದ್ದ ಮಣ್ಣು, ಹಳೇ ಬೀರು, ನಿಮಗೆ ಬಂದ ವಾಸನೆಯನ್ನೇ ಹೇಳಿ. ಬರೆದುಕೊಳ್ಳುತ್ತಾನೆ.

“ಇಂಡಿಯಾದಲ್ಲಿ ವೈನು ಮಾಡ್ತಾರಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ನಂದಿ ಬೆಟ್ಟದ ತಪ್ಪಲಲ್ಲಿ ಮಾಡುತ್ತಾರೆ, ಕೊಯ್ಲು ಫೆಬ್ರುವರಿ-ಮಾರ್ಚ್ ಹೊತ್ತಿಗೆ, ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಬಂದು ಸಲಹೆ ಕೊಟ್ಟಿದ್ದಾರೆ ಎಂದು ಹೇಳಿ. ಬೋರ್ಡೊ ಎಂಬ ಪದವನ್ನು ಮಾತ್ರ ಮೆಲ್ಲಗೆ ಹೇಳಿ. ಬರ್ಗಂಡಿಯಲ್ಲಿ ಅದು ಶತ್ರುಪಕ್ಷ.

ಇಂಧನ

ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊರು ಊಟಕ್ಕೆ ಕೂರುತ್ತದೆ, ಮಾಳಿಗೆ, ಅಂಗಡಿ ಮುಚ್ಚುತ್ತವೆ. ಎರಡೂಕಾಲಿಗೆ “ಏನಾದರೂ ಬಿಸಿಯಾಗಿ ಇದೆಯಾ?” ಎಂದು ಕೇಳುವುದು ವ್ಯರ್ಥ. ಸಸ್ಯಾಹಾರಿಗಳು ವಾರದ ಮುಂಚೆಯೇ ಗೈಡಿನ ಮೂಲಕ ಹೇಳಿಸಬೇಕು. ಇಲ್ಲಿನ ಹೆಮ್ಮೆಯ ಅಡುಗೆಗಳು ವೈನಿನಲ್ಲಿ ಬೇಯಿಸಿದ ದನದ ಮಾಂಸ, ಬೆಣ್ಣೆ-ಬೆಳ್ಳುಳ್ಳಿಯ ಬಸವನಹುಳು, ಪಾರ್ಸ್ಲಿ ಹಾಕಿದ ಹಂದಿಮಾಂಸ. ಗುಜೇರ್ ಎಂಬ ಚೀಸ್ ಉಂಡೆ ಮೊಟ್ಟೆ ತಿನ್ನುವವರನ್ನು ಕಾಪಾಡುತ್ತದೆ. ಕಟ್ಟುನಿಟ್ಟಿನವರಿಗೆ ಒಂದು ಎಚ್ಚರಿಕೆ: ಎಪ್ವಾಸ್‌ನಂಥ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಕೆಲವರು ಕೆಂಪು ವೈನನ್ನು ತಿಳಿಗೊಳಿಸುವುದು ಮೊಟ್ಟೆಯ ಬಿಳಿಯಿಂದ.

ಕುಡಿಯದ ಹೊತ್ತಿನಲ್ಲಿ

ದಿಜೋನ್‌ನ ನೋತ್ರ ದಾಮ್ ಚರ್ಚಿನ ಗೋಡೆಯಲ್ಲಿ ಒಂದು ಪುಟ್ಟ ಕಲ್ಲಿನ ಗೂಬೆಯಿದೆ. ಎಡಗೈಯಿಂದ ಸವರಿ ಬೇಡಿಕೊಂಡರೆ ಈಡೇರುತ್ತದಂತೆ. ಸವರಿಸಿಕೊಂಡು ಗೂಬೆಯ ಮುಖವೇ ಅಳಿಸಿಹೋಗಿದೆ. ದಿಜೋನ್ ಸಾಸಿವೆ ಕೊಳ್ಳಿ, ಆದರೆ ಕಾಳು ಎಷ್ಟೋ ಸಲ ಕೆನಡಾದಿಂದ ಬಂದದ್ದು ಎಂದು ತಿಳಿದೇ ಕೊಳ್ಳಿ.

ಬೋನ್‌ನ ಒತೆಲ್ ದ್ಯೂವನ್ನು ಮಾತ್ರ ಅರ್ಧ ದಿನವಿಟ್ಟು ನೋಡಿ. ಬಣ್ಣದ ಹೆಂಚಿನ ಈ ಕಟ್ಟಡ ಬಡವರ ಆಸ್ಪತ್ರೆಯಾಗಿತ್ತು. ಬರ್ಗಂಡಿಯ ಡ್ಯೂಕನ ಮಂತ್ರಿ ನಿಕೊಲಾ ರೊಲಾಂ, ಹೆಂಡತಿ ಗಿಗೋನ್ ಸೇರಿ 1443ರಲ್ಲಿ ಸ್ಥಾಪಿಸಿದ್ದು. ಅಷ್ಟು ಜನರನ್ನು ಬಡವರನ್ನಾಗಿ ಮಾಡಿದವನು ಅವರಿಗೊಂದು ಸೂರು ಕಟ್ಟಿಸಿದ್ದು ಸರಿಯೇ ಎಂದು ದೊರೆ ಹನ್ನೊಂದನೇ ಲೂಯಿ ಕುಟುಕಿದ್ದನೆಂಬ ಮಾತಿದೆ. ಕೆಂಪು ಪರದೆಯ ಮಂಚಗಳ ಸಾಲು, ರೋಜಿಯರ್ ವಾನ್ ಡರ್ ವೇಡನ್ ಬರೆದ ಅಂತಿಮ ತೀರ್ಪಿನ ಚಿತ್ರ ಈಗಲೂ ಇವೆ. ಸಾಯುತ್ತ ಮಲಗಿದವರಿಗೆ ಭಾನುವಾರ, ಹಬ್ಬದ ದಿನಗಳಲ್ಲಿ ಅದನ್ನು ತೆರೆದು ತೋರಿಸುತ್ತಿದ್ದರಂತೆ. ಧೈರ್ಯ ತುಂಬಲೋ ಹೆದರಿಸಲೋ, ನೀವೇ ನೋಡಿ ತೀರ್ಮಾನಿಸಿ. ಇಲ್ಲಿ ರೋಗಿಗಳು 1971ರವರೆಗೂ ಇದ್ದರು. ಶತಮಾನಗಳ ಕಾಲ ಜನ ದಾನ ಕೊಟ್ಟ ಸುಮಾರು 60 ಹೆಕ್ಟೇರು ತೋಟ ಆಸ್ಪತ್ರೆಗಿದೆ, ಅದರ ವೈನನ್ನು 1859ರಿಂದ ಹರಾಜು ಹಾಕುತ್ತಿದ್ದಾರೆ.

ದೋಷ ಮತ್ತು ಪರಿಹಾರ

ಎಲ್ಲ ವೈನೂ ಒಂದೇ ರುಚಿ ಅನ್ನಿಸುತ್ತಿದೆ: ಉಗುಳುತ್ತಿಲ್ಲ. ಗೈಡು ಮೌನವಾಗಿದ್ದಾನೆ: ಬೆಲೆಯಲ್ಲಿ ಚೌಕಾಸಿ ಮಾಡಿದ್ದೀರಿ. ಮನೆಯಾತ ಬಾಟಲಿ ಮಾರುತ್ತಿಲ್ಲ: ಕೋಪವಲ್ಲ, ಹಳೆಯ ಗಿರಾಕಿಗಳಿಗೆ ಹಂಚಿ ಮುಗಿದಿದೆ. ಮಾರುತ್ತಾನಾದರೆ ಒಂದಾದರೂ ಕೊಂಡುಕೊಳ್ಳಿ, ಅವನು ಗಿಡ ಸವರುವ ಕೆಲಸ ಬಿಟ್ಟು ನಿಮ್ಮೆದುರು ನಿಂತಿದ್ದಾನೆ.

ಮರಳಿ ಬರುವಾಗ ಭಾರತದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ತಲೆಗೆ ಎರಡು ಲೀಟರು. 750 ಮಿಲಿಯ ಎರಡು ಬಾಟಲಿ, ಜೊತೆಗೊಂದು ಅರ್ಧ ಬಾಟಲಿ; ಮೂರು ಪೂರ್ತಿ ಬಾಟಲಿ ಲೆಕ್ಕ ಮೀರುತ್ತದೆ. ಕುಡಿಯದ ಅಪ್ಪ ಅಮ್ಮನನ್ನು ಮಗ ಇಷ್ಟು ಪ್ರೀತಿಯಿಂದ ಕರೆದೊಯ್ದದ್ದರ ಹಿಂದೆ ಈ ಲೆಕ್ಕವೂ ಇರಬಹುದು. ತಿಂಗಳು ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಮೇ ಅಥವಾ ಜೂನ್ ಹಿಡಿಯಿರಿ. ಕೊಯ್ಲಿನ ಸಮಯದಲ್ಲಿ ಯಾರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ. ನವೆಂಬರಿನ ಮೂರನೇ ಭಾನುವಾರವನ್ನಂತೂ ಬಿಟ್ಟುಬಿಡಿ. ಅವತ್ತು ಬೋನ್‌ನಲ್ಲಿ ಆಸ್ಪತ್ರೆಯ ಹರಾಜು, ಊರಲ್ಲಿ ಒಂದು ಕೋಣೆಯೂ ಸಿಗುವುದಿಲ್ಲ.