ನೂತನಯಂತ್ರ ತೈಲಮೀಮಾಂಸೆ

ಗ್ರಂಥ ಯಾರಿಗೆ, ಯಾವುದರ ಬಗ್ಗೆ, ಏನು ಪ್ರಯೋಜನ, ಒಂದಕ್ಕೊಂದು ಎಂಥ ಸಂಬಂಧ ಎಂದು ಮೊದಲೇ ಹೇಳಿಬಿಡುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಅಧಿಕಾರಿ: ಅಪ್ಪನ ಕಾಲದ ಎರಕದ ಕಬ್ಬಿಣದ ಬುಲೆಟ್ಟನ್ನು ಬೋರ್ ಮಾಡಿಸಿ, ಹೈ ಕಂಪ್ರೆಶನ್ ಪಿಸ್ಟನ್ನು, ಚುರುಕು ಕ್ಯಾಮು ಹಾಕಿಸಿ, ಮನೆಯಲ್ಲಿ ‘ಸರ್ವೀಸ್ ಮಾಡಿಸ್ದೆ’ ಎಂದಷ್ಟೇ ಹೇಳಿರುವವನು. ವಿಷಯ: ಅದರ ಹೊಟ್ಟೆಗೆ ಮೊದಲು ಬೀಳಬೇಕಾದ ಎರಡು ಚಿಲ್ಲರೆ ಲೀಟರ್ ಎಣ್ಣೆ. ಪ್ರಯೋಜನ: ನೀಲಿ ಹೊಗೆಯಿಂದ ಮುಕ್ತಿ. ಸಂಬಂಧ: ಎಣ್ಣೆ-ಸೀಗೆಕಾಯಿ.

ಮೊದಲು ಪದವಿಚಾರ. ಎಳ್ಳಿನ ನೆಯ್ ಎಣ್ಣೆಯಾಯಿತು. ನೆಯ್ ಎಂದರೆ ತುಪ್ಪ. ಸಂಸ್ಕೃತದ ತೈಲವೂ ತಿಲದಿಂದ ಹುಟ್ಟಿದ್ದೇ. ಆದ್ದರಿಂದ ಬಾವಿ ಕೊರೆದು ತೆಗೆದ ಪದಾರ್ಥವನ್ನು ಎಣ್ಣೆಯೆನ್ನುವುದು ವ್ಯಾಕರಣದ ಪ್ರಕಾರ ಅಪರಾಧ. ಈ ಆಕ್ಷೇಪವನ್ನು ಮೇಸ್ತ್ರಿಯ ಮುಂದಿಟ್ಟೆ. ಆತ ಸ್ಪ್ಯಾನರ್ ಕೆಳಗಿಟ್ಟು, ‘ಹಂಗಾದ್ರೆ ಎಳ್ಳೆಣ್ಣೆ ಹಾಕ್ಲಾ ಸಾರ್?’ ಅಂದ. ನಗುತ್ತಿರಲಿಲ್ಲ.

ಪ್ರಶ್ನೆ ಅಶಾಸ್ತ್ರೀಯವೇನಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕಟ್ಟಿದ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿ ಮಾರಿದ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಹರಳಿನ ಇಂಗ್ಲಿಷ್ ಹೆಸರು ಅದರೊಳಗೇ ಕೂತಿದೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳೂ ಹರಳೆಣ್ಣೆ ಕುಡಿದೇ ತಿರುಗಿದವು, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಅವು ಉಗುಳಿದ ಹನಿ ಪೈಲಟ್ಟಿನ ಮುಖಕ್ಕೆ ರಾಚಿ, ಬಾಯಿಗೂ ಹೋಗಿ, ಮುಂದೇನಾಗುತ್ತಿತ್ತು ಎಂಬುದನ್ನು ಅಜ್ಜಿಯ ಕೈಯಲ್ಲಿ ಮೂಗು ಹಿಡಿಸಿಕೊಂಡು ಹರಳೆಣ್ಣೆ ಕುಡಿದವರಿಗೆ ವಿವರಿಸಬೇಕಿಲ್ಲ. ಅದು ಔಡಲ ಎಣ್ಣೆ ಎಂದು ಧಾರವಾಡದ ಪಂಡಿತರು ತಕರಾರು ತೆಗೆದಾರು. ಪರಿಣಾಮ ಒಂದೇ.

ಇನ್ನು ಪೂರ್ವಪಕ್ಷ. ಸಿಂಥೆಟಿಕ್‌ವಾದಿಗಳು ಹೇಳುತ್ತಾರೆ: ಎಣ್ಣೆಯ ಧರ್ಮ ಉಜ್ಜಾಟ ತಪ್ಪಿಸುವುದು, ಚೆನ್ನಾಗಿ ತಪ್ಪಿಸಿದಷ್ಟೂ ಎಣ್ಣೆ ಒಳ್ಳೆಯದು, ದುಬಾರಿ ಡಬ್ಬದ್ದು ಎಲ್ಲಕ್ಕಿಂತ ಚೆನ್ನಾಗಿ ತಪ್ಪಿಸುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಅದನ್ನು ಸುರಿ. ತರ್ಕದಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಗಾಡಿ ಮಾತ್ರ ಹೊಗೆ ಬಿಡುತ್ತದೆ.

ಖಂಡನೆ. ಬೋರ್ ಮಾಡಿಸಿದ ಸಿಲಿಂಡರಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿ. ಹೋನಿಂಗ್ ಕಲ್ಲು ಮೇಲೆ ಕೆಳಗೆ ಆಡುತ್ತ ತಿರುಗಿದಾಗ ಎಳೆದ ಗೀರುಗಳು ಓರೆಓರೆಯಾಗಿ ಒಂದನ್ನೊಂದು ದಾಟಿ, ಬೆತ್ತದ ಕುರ್ಚಿಯ ಹೆಣಿಗೆಯ ಹಾಗೆ ಕಾಣುತ್ತವೆ. ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು. ದಿಬ್ಬದ ತುದಿ ಸವೆಯಬೇಕು. ಸವೆಯುತ್ತ ಪಿಸ್ಟನ್ನಿನ ರಿಂಗನ್ನೂ ತನ್ನ ಆಕಾರಕ್ಕೆ ತಿದ್ದಿಕೊಳ್ಳಬೇಕು. ಈ ಸವೆತ ನಡೆಯುವುದು ಮೊದಲ ಕೆಲವು ಗಂಟೆಗಳಲ್ಲಿ. ಆಗ ನಡುವೆ ವಿಪರೀತ ಜಾರುವ ಎಣ್ಣೆ ಬಂದು ಕೂತರೆ ರಿಂಗು ಗೋಡೆಗೆ ಒಗ್ಗುವುದೇ ಇಲ್ಲ. ನಮ್ಮಜ್ಜಿ ಹೊಸ ಒರಳಿಗೆ ತೌಡು ಹಾಕಿ ರುಬ್ಬಿ, ಅದನ್ನು ಚೆಲ್ಲಿ, ಆಮೇಲೆ ಅಕ್ಕಿ ಹಾಕುತ್ತಿದ್ದಳು. ಮೊದಲ ದಿನವೇ ಅದಕ್ಕೆ ಬೆಣ್ಣೆ ಸವರಿದ್ದನ್ನು ಯಾರೂ ಕಂಡಿಲ್ಲ.

‘ಹಾಗಾದರೆ ಅಮೆರಿಕದ ಕಾರ್ವೆಟ್ ಕಾರು 1992ರಿಂದಲೂ ಕಾರ್ಖಾನೆಯಿಂದಲೇ ಸಿಂಥೆಟಿಕ್ ಕುಡಿದು ಹೊರಬರುತ್ತಿದೆಯಲ್ಲ?’ ಎಂದು ಪೂರ್ವಪಕ್ಷಿ ಮತ್ತೆ ಏಳುತ್ತಾನೆ. ಬರುತ್ತದೆ. ಅಲ್ಲಿ ಹೋನಿಂಗು ಎಷ್ಟು ನಯವೆಂದರೆ ಸವೆಯಬೇಕಾದ್ದು ಅಷ್ಟಾಗಿ ಉಳಿದಿರುವುದಿಲ್ಲ. ನಮ್ಮದು ಎದುರು ಬೀದಿಯ ಲೇತ್ ಅಂಗಡಿಯದು. ಸೆಮಿ ಸಿಂಥೆಟಿಕ್ ಎಂಬ ವಿಶಿಷ್ಟಾದ್ವೈತದ ಗೊಡವೆಗೆ ನಾನು ಹೋಗುವುದಿಲ್ಲ. ಡಬ್ಬದ ಮೇಲೆ ಯಾವುದು ಎಷ್ಟು ಪಾಲು ಎಂದು ಅವರೂ ಬರೆದಿರುವುದಿಲ್ಲ.

ನಿಜವಾದ ಧರ್ಮಸಂಕಟ ಇರುವುದು ಇನ್ನೊಂದು ಕಡೆ. ರಿಂಗು ಸವೆಯಲಿ ಎಂದೆವು; ಕ್ಯಾಮು ಸವೆಯಬಾರದು. ಈ ಹಳೆಯ ಎಂಜಿನ್ನಿನ ಟ್ಯಾಪೆಟ್ಟಿಗೆ ರೋಲರ್ ಇಲ್ಲ, ಚಪ್ಪಟೆ ಪಾದವನ್ನು ಕ್ಯಾಮಿನ ಮೂಗಿನ ಮೇಲೆ ಉಜ್ಜಿಕೊಂಡೇ ಅದು ಬದುಕಬೇಕು. ಅಂದರೆ ಒಂದೇ ಎಣ್ಣೆ ಒಬ್ಬರನ್ನು ಉಜ್ಜಾಡಲು ಬಿಟ್ಟು ಇನ್ನೊಬ್ಬರನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಆ ಕಾವಲಿಗೆ ಇರುವುದು ಜಿಂಕ್ ಮತ್ತು ಫಾಸ್ಫರಸ್ ಸೇರಿದ ಜಡ್‌ಡಿಡಿಪಿ. 1940ರ ದಶಕದಲ್ಲಿ ಎಣ್ಣೆಗೆ ಬಂದ ಈ ವಸ್ತು ಬಿಸಿ ಮತ್ತು ಒತ್ತಡ ಬಿದ್ದಲ್ಲಿ ಲೋಹದ ಮೇಲೆ ತೆಳು ಪೊರೆ ಕಟ್ಟುತ್ತದೆ. ಆದರೆ ಕಾರುಗಳ ಹೊಗೆ ಶುದ್ಧಿ ಮಾಡುವ ಕನ್ವರ್ಟರ್‌ಗೆ ಫಾಸ್ಫರಸ್ ಆಗಿಬರುವುದಿಲ್ಲ. ಹಾಗಾಗಿ 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆ ತೆಳು ಎಣ್ಣೆಗಳಲ್ಲಿ ಅದನ್ನು ಶೇ 0.08ಕ್ಕೆ ಕಟ್ಟಿಹಾಕಿತು. ಕನ್ವರ್ಟರ್ ಎಂಬುದರ ಹೆಸರೂ ಕೇಳದ ನಮ್ಮ ಬುಲೆಟ್ಟು ಪಕ್ಕದ ಮನೆಯವರ ಪಥ್ಯಕ್ಕೆ ತಾನು ಉಪವಾಸ ಬೀಳುವ ಪರಿಸ್ಥಿತಿ. ದಪ್ಪ ಎಣ್ಣೆಗೆ ಆ ಕಟ್ಟು ಅನ್ವಯಿಸದಿದ್ದದ್ದು ಅದರ ಪುಣ್ಯ.

ಸಿದ್ಧಾಂತ: ಮಿನರಲ್ ಎಣ್ಣೆ, 20ಡಬ್ಲ್ಯು-50, ಜಿಂಕ್ ತಕ್ಕಮಟ್ಟಿಗೆ ಇರುವಂಥದು. ಆ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಮೈಸೂರಿನಲ್ಲಿ ಅದನ್ನು ಮಂತ್ರಾಕ್ಷರವೆಂದೇ ಭಾವಿಸಿದರೂ ದೋಷವಿಲ್ಲ.

ಇಷ್ಟನ್ನು ನಾನು ಸಾಧಿಸಿ ಮುಗಿಸುವ ಹೊತ್ತಿಗೆ ಮೇಸ್ತ್ರಿ ನೀರಿನ ಬಾಟಲಿಯ ಕತ್ತು ಕುಯ್ದು ಆಲಿಕೆ ಮಾಡಿಕೊಂಡು, ಅದೇ ಎಣ್ಣೆಯನ್ನು ಸುರಿದೂ ಆಗಿತ್ತು. ‘ಚಾಮುಂಡಿ ಬೆಟ್ಟ ಹತ್ಸಿ ಸಾರ್. ಮೂರನೇ ಗೇರಲ್ಲಿ ಎಳೀಲಿ. ಇಳಿಯೋವಾಗ ಆಕ್ಸಿಲೇಟರ್ ಬಿಟ್ಬಿಡಿ. ಮುದ್ದು ಮಾಡ್ಬೇಡಿ.’ ಇದಕ್ಕೂ ಶಾಸ್ತ್ರಾಧಾರವಿದೆ: ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿಗಿಂತ ಹೆಚ್ಚಾಗಿ ಅದರ ಬೆನ್ನಿಗೆ ನುಗ್ಗುವ ಉರಿಗಾಳಿಯ ಒತ್ತಡ. ಏರಿನಲ್ಲಿ ಆ ಒತ್ತಡ ಸಿಗುತ್ತದೆ. ಇಳಿಜಾರಿನಲ್ಲಿ ಎಣ್ಣೆ ಮೇಲಕ್ಕೆ ಸೆಳೆದು ಬಂದು ಪುಡಿ ತೊಳೆಯುತ್ತದೆ. ಮೂರು ಸಲ ಹತ್ತಿ ಇಳಿದೆ. ಮೊದಲ ಸಲ ಹಿಂದೆ ಬರುತ್ತಿದ್ದ ಆಟೋದವನು ಬೈದ. ಮೂರನೆಯ ಸಲ ಬೈಯುವಂಥ ಹೊಗೆ ಇರಲಿಲ್ಲ.

ಮರಳಿ ಬಂದು ಬಿಸಿಬಿಸಿ ಎಣ್ಣೆಯನ್ನು ಸ್ಟೀಲ್ ತಟ್ಟೆಗೆ ಇಳಿಸಿದೆವು. ಮೇಸ್ತ್ರಿ ಒಡೆದ ಸ್ಪೀಕರಿನ ಅಯಸ್ಕಾಂತವನ್ನು ತಟ್ಟೆಯ ಅಡಿ ಹಿಡಿದು ಮೆಲ್ಲಗೆ ಎಳೆದ. ಎಣ್ಣೆಯೊಳಗಿನ ಕಬ್ಬಿಣದ ಪುಡಿ ಚಳಿಗೆ ಮೈಗೂದಲು ಎದ್ದ ಹಾಗೆ ಎದ್ದು ನಿಂತು ಅದರ ಹಿಂದೆ ನಡೆಯಿತು. ಅಂಟದೆ ಉಳಿದು ಮಿನುಗಿದ ನಾಲ್ಕು ಚೂರು ಪಿಸ್ಟನ್ನಿನ ಅಲ್ಯೂಮಿನಿಯಂ. ಆತ ಬೆರಳಲ್ಲಿ ತಿಕ್ಕಿ ನೋಡಿ, ‘ತೌಡು ಚೆಲ್ಲಿ ಸಾರ್’ ಅಂದ. ನನ್ನ ಅಜ್ಜಿಯ ಒರಳಿನ ದೃಷ್ಟಾಂತವನ್ನು ಆತ ಕೇಳಿಸಿಕೊಂಡಿದ್ದಾನೆಂದು ನನಗೆ ಆಗಲೇ ತಿಳಿದದ್ದು.

ಮತ್ತೆ ಅದೇ ಮಿನರಲ್ ಹಾಕಿ ಕ್ಯಾಪು ತಿರುಗಿಸುತ್ತ ಹೇಳಿದ: ‘ಸಾವಿರ ಕಿಲೋಮೀಟರ್ ಆಗ್ಲಿ. ಆಮೇಲೆ ಬೇಕಾದ್ರೆ ನಿಮ್ಮ ಆ ತುಪ್ಪ ಹಾಕೋಣ.’

ಪದವಿಚಾರದ ಅಧ್ಯಾಯವನ್ನು ಈಗ ಮೊದಲಿನಿಂದ ಬರೆಯಬೇಕಾಗಿದೆ.