ನೆರೆಗೆ ಮೊದಲೇ ಹೊದಿಕೆ

ಧಾರೇಶ್ವರದಂಥ ಊರಲ್ಲಿ ಉಲ್ಲನ್ ಹೆಣಿಗೆ ಎಂದರೆ ನಗುವವರೇ ಹೆಚ್ಚು. ಪಡುವಣಕ್ಕೆ ಕಡಲು, ನಡುವೆ ಹೆದ್ದಾರಿ, ಏಪ್ರಿಲ್ ಬಂತೆಂದರೆ ಮೈಮೇಲಿನ ಬನಿಯನ್ನೇ ಭಾರ. ಆದರೂ ಕುಮಟಾ, ಹೊನ್ನಾವರದ ಮನೆಗಳ ಕಪಾಟಿನಲ್ಲಿ ಉಲ್ಲನ್ ಉಂಡೆಗಳಿಗೆ ಬರವಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಆಯಂದಿರು ಹೊರಗೆ ಹಿಮ ಬೀಳುವಾಗ ಕಿಟಕಿ ಪಕ್ಕ ಕೂತು ಕಲಿತ ವಿದ್ಯೆ ಅದು. ಅಲ್ಲಿನ ನೌಕರಿ ಮುಗಿಸಿ ಊರಿಗೇ ಬಂದು ನೆಲೆಸಿದವರ ಸೂಟ್‌ಕೇಸಿನಲ್ಲೂ ಬಂದಿಳಿದಿದೆ. ಮೊಮ್ಮಕ್ಕಳ ಟೊಪ್ಪಿ, ಕಾಲುಚೀಲ ಮುಗಿದ ಮೇಲೂ ಕೈ ಸುಮ್ಮನಿರುವುದಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ ನೆರೆಯ ಸುದ್ದಿ ಬರುತ್ತದೆ. ಪಾಪ, ಅವರಿಗೊಂದು ಹೊದಿಕೆಯಾದರೂ ಎಂದು ಕಡ್ಡಿ ಹೊರಬೀಳುತ್ತದೆ. ಆ ಮನಸ್ಸಿನ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ಅದರ ಪಂಚಾಂಗದ ಮೇಲೆ.

ಲೆಕ್ಕ ಹಾಕಿ ನೋಡಿ. ಒಬ್ಬರು ಮೈತುಂಬ ಹೊದೆಯುವಷ್ಟು ದೊಡ್ಡದನ್ನು ಅಡುಗೆ, ಧಾರಾವಾಹಿ, ಮಧ್ಯಾಹ್ನದ ನಿದ್ದೆಗಳ ನಡುವೆ ಹೆಣೆದು ಮುಗಿಸಲು ತಿಂಗಳೆರಡು ಬೇಕೇಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ನೀರು ಆಚೆ ದಡದ ಉಳುವರೆಗೆ ನುಗ್ಗಿ ಮನೆಗಳನ್ನು ಕೆಡವಲು ನಿಮಿಷಗಳು ಸಾಕಾದವು. ಅಂದೇ ಕಡ್ಡಿ ಹಿಡಿದವರ ಹೊದಿಕೆ ಮುಗಿಯುವುದು ಅನಂತ ಚತುರ್ದಶಿಗೆ. ಅಷ್ಟು ಹೊತ್ತಿಗೆ ಯಾವ ಕಾಳಜಿ ಕೇಂದ್ರವಾದರೂ ಮತ್ತೆ ಶಾಲೆಯಾಗಿ, ಒಳಗೆ ಮಗ್ಗಿ ಕೇಳಿಸುತ್ತಿರುತ್ತದೆ. ಹಾಗಾಗಿ ವಿಪತ್ತಿನ ಹೊದಿಕೆ ವಿಪತ್ತಿಗಿಂತ ಮೊದಲೇ ಹುಟ್ಟಬೇಕು ಎಂಬುದು ನನ್ನ ವಾದ. ಕರಾವಳಿಗೆ ಇದೇನೂ ಹೊಸ ಪಾಠವಲ್ಲ. ಮೃಗಶಿರಾ ಹಿಡಿಯುವ ಮೊದಲೇ ಕಟ್ಟಿಗೆ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಮೀನು ಎಲ್ಲ ಒಳಗೆ ಸೇರಿರುತ್ತವೆ. ಜಡಿಮಳೆಯಲ್ಲಿ ಹಪ್ಪಳ ಒಣಗಿಸಲು ಹೊರಟವರನ್ನು ಊರು ಏನೆನ್ನುತ್ತದೋ, ನೆರೆ ಬಂದ ಮೇಲೆ ಹೆಣೆಯಲು ಕೂತವರನ್ನೂ ಹಾಗೆಯೇ ಅನ್ನಬೇಕು.

ಗಡಿಬಿಡಿಯ ದಾನ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 2001ರ ಭುಜ್ ಭೂಕಂಪದ ನಂತರವೂ 2004ರ ಸುನಾಮಿಯ ನಂತರವೂ ದೇಶದ ಕಪಾಟುಗಳು ಖಾಲಿಯಾದವು, ರಸ್ತೆಬದಿಗಳು ಹಳೆಬಟ್ಟೆಯಿಂದ ತುಂಬಿದವು. ತಮಿಳುನಾಡಿನಲ್ಲಿ ಹಾಗೆ ಬಿದ್ದ ರಾಶಿಯನ್ನು ಆರಿಸಿ ಉಪಯೋಗಕ್ಕೆ ತಂದದ್ದು ದೆಹಲಿಯ ಗೂಂಜ್ ಸಂಸ್ಥೆ. ಅದನ್ನು ಕಟ್ಟಿದ ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರವರ ಕಪಾಟು ಆರಿಸುವ ಕಷ್ಟ ಬಲ್ಲವರು ಯಾರೂ ಅದನ್ನು ಹೆಚ್ಚಾಯಿತು ಎನ್ನಲಾರರು. ಇದಕ್ಕೆ ಎದುರಾಗಿ ಚೆನ್ನೈ ನೋಡಿ. 2016ರ ಜನವರಿಯಲ್ಲಿ ಮದರ್ ಇಂಡಿಯಾಸ್ ಕ್ರೋಶಾ ಕ್ವೀನ್ಸ್ ಬಳಗದ ಹೆಂಗಸರು ತಾವು ಹೆಣೆದಿದ್ದನ್ನೆಲ್ಲ ಜೋಡಿಸಿ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ಪಹಣಿಯ ಭಾಷೆಯಲ್ಲಿ ಎರಡು ಎಕರೆ ಮೂವತ್ತು ಗುಂಟೆ. ನಮ್ಮ ಕಡೆ ಅಷ್ಟು ಗದ್ದೆ ಇದ್ದವನಿಗೆ ಹೆಣ್ಣು ಕೊಡುತ್ತಾರೆ. ಆಮೇಲೆ ಅದನ್ನೆಲ್ಲ ಬಿಡಿಸಿ ಇಲ್ಲದವರಿಗೆ ಹಂಚಿದರು. ಸುದ್ದಿ ಕೇಳಿ ಕೂತದ್ದಲ್ಲ, ತಿಂಗಳುಗಟ್ಟಲೆ ಮೊದಲೇ ಕೂತು ಮಾಡಿದ್ದು.

ಹಣ ಕಳಿಸಿದರಾಗದೇ ಎನ್ನುವವರಿದ್ದಾರೆ. ಆಗುತ್ತದೆ, ಮೊದಲ ವಾರಕ್ಕೆ ಅದೇ ಸರಿ. ಆದರೆ ಪಿಂಚಣಿಯಿಲ್ಲದ ಆಯಿಯ ಕೈಯಲ್ಲಿರುವುದು ಹೊತ್ತು. ಅದನ್ನು ಯಾವ ಪರಿಹಾರ ನಿಧಿಯೂ ಜಮಾ ಮಾಡಿಕೊಳ್ಳುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸೆಕೆಯದ್ದು. ಕರಾವಳಿಯ ಶ್ರಾವಣದಲ್ಲಿ ಒಮ್ಮೆ ನೆನೆದ ಉಲ್ಲನ್ ಹೊದಿಕೆ ಹಗ್ಗದ ಮೇಲೆ ಜೋತುಬಿದ್ದು ಇನ್ನೊಂದು ಗೇಣು ಬೆಳೆಯುತ್ತದೆಯೇ ಹೊರತು ಒಣಗುವುದಿಲ್ಲ. ಹೊದ್ದರೋ, ಹೆಣಿಗೆಯ ತೂತಿನಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಒಪ್ಪಿದೆ. ಉಲ್ಲನ್ನಿನದು ಘಟ್ಟ ಹತ್ತಲಿ: 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಬಿಟ್ಟ ಕೊಡಗಿನವರಿಗೆ ಮಳೆಯಷ್ಟೇ ಚಳಿಯೂ ಕಾಡಿತ್ತು. ಘಟ್ಟದ ಕೆಳಗಿನವರಿಗೆ ಮೆತ್ತನೆಯ ಹಳೆ ಹತ್ತಿ ಸೀರೆಯ, ಎರಡೇ ಪದರದ ತೆಳ್ಳನೆ ಕೌದಿ ಸಾಕು. ಗುರುಗಳನ್ನು ಹುಡುಕಿ ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ತೇಪೆ ಸೇರಿಸುತ್ತ ನಡುವಿನವರೆಗೆ ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಫುಲಾ ಎಂಬ ಹೂ ಇಡುತ್ತಾರೆ. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬೇರೆಯವರ ಮೈ ಮುಚ್ಚುವ ವಸ್ತುವಿನ ಮಾನವನ್ನೂ ಕಾಯುವ ಈ ಜನರಿಗೆ ಹರಿದ ಪ್ಯಾಂಟುಗಳ ಲಾರಿ ತೋರಿಸಬಾರದು.

ಇನ್ನು ಉಳಿದದ್ದು ಅಪಶಕುನದ ಮಾತು: ಬಾರದ ನೆರೆಗೆ ಹೊದಿಕೆ ಹೊಲಿದಿಟ್ಟರೆ ನೆರೆಯನ್ನು ಕರೆದಂತಾಗದೇ? ಲಿಂಗನಮಕ್ಕಿಯಲ್ಲಿ ನೀರು ಏರಿದಾಗಲೆಲ್ಲ ಶರಾವತಿ ದಂಡೆಯವರಿಗೆ ಮುನ್ಸೂಚನೆ ಬರುತ್ತದೆ. ಆ ನೋಟೀಸನ್ನು ಯಾರೂ ಅಪಶಕುನ ಎಂದದ್ದಿಲ್ಲ. ನೆರೆಯೇ ಬಾರದ ವರ್ಷವೂ ರಾಶಿ ಬೂಸ್ಟು ಹಿಡಿಯಬೇಕಿಲ್ಲ. ಮಾಗಿಯ ಚಳಿಗೆ ಘಟ್ಟದ ಮೇಲಿನ ಹಾಸ್ಟೆಲುಗಳಿಗೆ ಮುಟ್ಟಿಸಬಹುದು. ಅಲ್ಲಿನ ರಿಜಿಸ್ಟರಿನಲ್ಲಿ ಹೊಲಿಗೆ ಎಣಿಸುವ ಕಾಲಮ್ ಇರುವುದಿಲ್ಲ ಎಂಬುದನ್ನು ಮಾತ್ರ ಹೊಲಿದವರು ಮೊದಲೇ ತಿಳಿದಿರಬೇಕು. ಎರಡು ತಿಂಗಳ ಕಣ್ಣುರಿ, ಬೆನ್ನುನೋವು ಎಲ್ಲ ಸೇರಿ 'ಹೊದಿಕೆ – 1' ಎಂದು ದಾಖಲಾಗುತ್ತದೆ.